ಹಡಗಿನ ಹಾದಿಯ ಕೆಳಗೆ ನಿಂತ ಸ್ಕೂಟರ್

ಬಂದರಿನಲ್ಲಿ ಅವಳಿಗೆ ಕೆಂಡಕ್ಕ ಎಂದೇ ಹೆಸರು. ಹಗಲೆಲ್ಲ ನೀರಿನೊಳಗೆ ಇರುವವಳನ್ನು ಕೆಂಡ ಎಂದು ಕರೆದವರು ಯಾರೋ ಗೊತ್ತಿಲ್ಲ, ಹೆಸರಂತೂ ನಿಂತುಬಿಟ್ಟಿತು. "ಇವಳಿಗೆ ಮೂಗಿನ ತುದೀಲೇ ಕೋಪ" ಎಂದು ಹೆತ್ತ ತಾಯಿಯೇ ಹೇಳುತ್ತಿದ್ದಳು. ಆದರೆ ಆ ಕೋಪಕ್ಕೂ ಒಂದು ರೀತಿ ನೀತಿ ಇತ್ತು. ತನ್ನನ್ನು ಯಾರಾದರೂ ಆಡಿಕೊಂಡರೆ ಕಿವಿಗೆ ಹಾಕಿಕೊಳ್ಳದೆ ನಡೆದುಬಿಡುತ್ತಿದ್ದಳು. ಕಣ್ಣೆದುರು ಯಾರಾದರೂ ಸುಳ್ಳು ಹೇಳಿದರೆ ಮಾತ್ರ ಅವಳ ಕೈಯಲ್ಲಿ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಅವಳ ಮೊದಲ ಕಸುಬು ಹಡಗಿನ ತಳ ಕೆರೆಯುವುದು. ಬಂದರಿನಲ್ಲಿ ನಿಂತ ಹಡಗಿನ ಹೊಟ್ಟೆಗೆ ಚಿಪ್ಪು, ಪಾಚಿ ಹತ್ತಿ ಕಲ್ಲಿನ ಹಾಗೆ ಗಟ್ಟಿಯಾಗುತ್ತವೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು, ಕೆಳಗೆ ಮುಳುಗಿ, ಅಂಗಾತ ಮಲಗಿದ ಹಾಗೆ ತೇಲುತ್ತ ಅವನ್ನು ಕೆರೆದು ತೆಗೆಯಬೇಕು. ಅಪ್ಪ ಅದೇ ಕೆಲಸದಲ್ಲಿ ಎರಡು ಕಿವಿಗಳನ್ನೂ ಕಳೆದುಕೊಂಡು ಮನೆ ಹಿಡಿದ ಮೇಲೆ ಅವನ ಜಾಗಕ್ಕೆ ಇವಳು ಹೋದಳು. ಮೇಸ್ತ್ರಿ ನಕ್ಕ. ಬೇಡ ಎನ್ನಲಿಲ್ಲ, ಕೆರೆಯುವವರು ಸಿಗುವುದೇ ಕಷ್ಟವಾಗಿತ್ತು. ಹಾಗೆ ಸೇರಿದವಳು ಮದುವೆ ಗಿದುವೆ ಎಂದು ಮನೆಯವರು ಹೇಳಿದ್ದನ್ನೆಲ್ಲ ಕೆರೆದು ಪಕ್ಕಕ್ಕೆ ಹಾಕಿ, ಯೌವನವನ್ನೆಲ್ಲ ಹಡಗುಗಳ ನೆರಳಿನಲ್ಲೇ ಕಳೆದಳು.

ಒಂದು ದಿನ ಲಂಗರಿನ ಸರಪಳಿ ಜಾರಿ ಅವಳ ಎಡಗಾಲಿಗೆ ಅಪ್ಪಳಿಸಿತು. ಮೂಳೆ ಕೂಡಿಕೊಂಡಿತು, ಶಕ್ತಿ ಮಾತ್ರ ಹಿಂದಿರುಗಲಿಲ್ಲ. ನೀರಿನಲ್ಲಿ ಮುಂದೆ ಹೋಗುವುದಕ್ಕೆ ಕಾಲಿಗೆ ರಬ್ಬರಿನ ಉದ್ದನೆಯ ರೆಕ್ಕೆ ಕಟ್ಟಿಕೊಂಡು ಒದೆಯಬೇಕು. ಒಂದು ಕಾಲು ಒದ್ದು ಇನ್ನೊಂದು ಸುಮ್ಮನಿದ್ದರೆ ಮನುಷ್ಯ ಗಾಣದ ಎತ್ತಿನಂತೆ ಇದ್ದಲ್ಲೇ ಸುತ್ತುತ್ತಾನೆ. ಬಂದರಿನವರು ಅವಳನ್ನು ಗೇಟಿನ ಕಿಟಕಿಯ ಹಿಂದೆ ಪಾಸು ಕೊಡುವ ಕೆಲಸಕ್ಕೆ ಕೂರಿಸಿದರು. ನೀರಿನ ಮೀನನ್ನು ಗಾಜಿನ ಹಿಂದೆ ಇಟ್ಟು ಸ್ಟೂಲು ಕೊಟ್ಟ ಹಾಗೆ. ಲಾರಿ ಚಾಲಕರೊಂದಿಗೆ ದಿನಕ್ಕೊಂದು ಜಗಳ ಆಯಿತು, ಮೇಲಿನವರಿಗೂ ಸಾಕಾಯಿತು.

ಅವಳನ್ನು ಮತ್ತೆ ನೀರಿಗೆ ಕರೆದುಕೊಂಡು ಹೋದದ್ದು ಭಾವ. ಇದನ್ನು ಅವಳು ಎಂದೂ ಅಲ್ಲಗಳೆದವಳಲ್ಲ. ಅಕ್ಕನ ಗಂಡ ಮೊದಲು ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದ, ಆಮೇಲೆ ದೋಣಿಗಳು ನಿಲ್ಲುವ ದಕ್ಕೆಯ ಪಕ್ಕದ ಬೀದಿಯಲ್ಲಿ ಡೈವಿಂಗ್ ಅಂಗಡಿ ತೆರೆದ. ಕೆಳಗೆ ಅಂಗಡಿ, ಮೇಲೆ ಮನೆ. ಹೊರಗಿನಿಂದ ಬಂದವರನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ, ಬಂದರಿನ ಆಚೆ ಮುಳುಗಿ ಕೂತ ಹಳೆಯ ಹಡಗನ್ನು ತೋರಿಸಿ ತರುವುದು ವ್ಯಾಪಾರ. ಅದಕ್ಕಾಗಿ ಆತ ನೀರಡಿಯ ಸ್ಕೂಟರುಗಳನ್ನು ತರಿಸಿದ್ದ. ಹೆಸರು ಸ್ಕೂಟರ್ ಅಷ್ಟೇ, ಚಕ್ರವೂ ಇಲ್ಲ, ಸೀಟೂ ಇಲ್ಲ. ದಪ್ಪ ಕೊಳವೆಯಂಥ ದೇಹ, ಹೊಟ್ಟೆಯಲ್ಲಿ ಬ್ಯಾಟರಿ, ಹಿಂಬದಿಗೆ ಬಳೆಯೊಳಗೆ ಕೂರಿಸಿದ ಫ್ಯಾನು, ಹಿಡಿದುಕೊಳ್ಳುವುದಕ್ಕೆ ಎರಡು ಹಿಡಿ. ಗುಂಡಿ ಒತ್ತಿದರೆ ಅದು ಮುಂದಕ್ಕೆ ಹೋಗುತ್ತದೆ, ಹಿಡಿದವರನ್ನು ಎಳೆದುಕೊಂಡು ಹೋಗುತ್ತದೆ.

"ಕಾಲು ಬೇಡ ಇದಕ್ಕೆ. ಹಿಡ್ಕೊಂಡು ನೋಡು" ಎಂದು ಭಾವ ಒಂದನ್ನು ಅವಳ ಕೈಗೆ ಕೊಟ್ಟ.

ಮೊದಲ ದಿನ ಅದು ಅವಳನ್ನು ಹಟಮಾರಿ ಕರುವಿನ ಹಾಗೆ ಎಳೆದಾಡಿತು. ಮೂತಿ ಭಾರ, ಬಿಟ್ಟರೆ ಮರಳಿಗೆ ಗುದ್ದಲು ಹೊರಡುತ್ತಿತ್ತು. ಕೈ ಚಾಚಿ ಹಿಡಿದು ಹಿಡಿದು ಹೆಗಲು ಕಳಚಿಬಂದಂತಾಯಿತು. ಫ್ಯಾನಿನ ನೀರು ನೇರ ಎದೆಗೆ ಹೊಡೆದು ಅರ್ಧ ವೇಗ ಅಲ್ಲೇ ಸತ್ತಿತು. ಅವಳು ಬಿಡಲಿಲ್ಲ. ಹಿಂಬದಿಗೆ ಸ್ವಲ್ಪ ತೂಕ ಕಟ್ಟಿ, ನೀರಿನಲ್ಲಿ ಬಿಟ್ಟರೆ ಏಳದೆ ಮುಳುಗದೆ ಇದ್ದಲ್ಲೇ ನಿಲ್ಲುವ ಹಾಗೆ ಮಾಡಿಕೊಂಡಳು. ಸೊಂಟದ ಪಟ್ಟಿಗೆ ಒಂದು ಗಿಡ್ಡ ಹಗ್ಗ ಸಿಕ್ಕಿಸಿ, ಎಳೆತವೆಲ್ಲ ಸೊಂಟಕ್ಕೆ ಬೀಳುವಂತೆ, ಕೈಗೆ ದಾರಿ ತೋರಿಸುವ ಕೆಲಸ ಮಾತ್ರ ಉಳಿಯುವಂತೆ ಮಾಡಿದಳು. ಯಂತ್ರವನ್ನು ಒಂಚೂರು ಪಕ್ಕಕ್ಕೆ ಹಿಡಿದರೆ ಫ್ಯಾನಿನ ನೀರು ಮೈ ಸವರದೆ ಹೋಗುತ್ತದೆ ಎಂದು ತಿಳಿಯಿತು. ಆಮೇಲೆ ಒಂದು ಬೆಳಿಗ್ಗೆ ಮಣಿಕಟ್ಟು ತಿರುಗಿಸಿದ್ದಷ್ಟೇ, ಮುಳುಗಿದ ಹಡಗಿನ ಮೂಲೆಯನ್ನು ಸುತ್ತಿ ಆಚೆ ಬಂದಳು. ಸತ್ತ ಕಾಲು ಹಿಂದೆ ಬಾಲದಂತೆ ಹಗುರವಾಗಿ ತೇಲುತ್ತಿತ್ತು. ಮುಖಕ್ಕೆ ಹಾಕಿದ ಗಾಜಿನೊಳಗೆ ಅವಳು ಅತ್ತದ್ದು ಯಾರಿಗೂ ಕಾಣಿಸಲಿಲ್ಲ.

ಹಲವು ವರ್ಷ ಚೆನ್ನಾಗಿಯೇ ನಡೆಯಿತು. ಬಂದವರಿಗೆ ಅವಳು ಮೊದಲು ಹೇಳಿಕೊಡುತ್ತಿದ್ದದ್ದು ಒಂದೇ ಪಾಠ: "ಬ್ಯಾಟರೀನ ಮೂರು ಪಾಲು ಮಾಡ್ಕೊಳ್ಳಿ. ಒಂದು ಹೋಗೋಕೆ, ಒಂದು ಬರೋಕೆ, ಇನ್ನೊಂದು ಗ್ರಹಚಾರಕ್ಕೆ." ಹೋಗುವಾಗ ಪ್ರವಾಹಕ್ಕೆ ಎದುರಾಗಿ ಹೋಗಬೇಕು, ಬರುವಾಗ ಅದೇ ತಳ್ಳಿಕೊಂಡು ತರುತ್ತದೆ. ಮೆಲ್ಲಗೆ ಹೋದರೆ ಬ್ಯಾಟರಿ ಬಾಳುತ್ತದೆ. ವೇಗ ಸ್ವಲ್ಪವೇ ಹೆಚ್ಚಿಸಿದರೂ ಕರೆಂಟು ಬಕಾಸುರನ ಹಾಗೆ ತಿನ್ನುತ್ತದೆ, ಯಾಕೆಂದರೆ ನೀರು ಗಾಳಿಯಲ್ಲ, ದಾರಿ ಬಿಡುವುದಿಲ್ಲ. ನೀರು ತಣ್ಣಗಿದ್ದರಂತೂ ಬ್ಯಾಟರಿಯ ಆಯಸ್ಸು ಇನ್ನೂ ಕಡಿಮೆ.

ಕೆಟ್ಟದ್ದು ಶುರುವಾದದ್ದು ಹಳೆಯ ಬ್ಯಾಟರಿಗಳು ಸೋತಾಗ. ಭಾವ ಕಂಪನಿಯ ಬ್ಯಾಟರಿ ತರಿಸದೆ, ಪರಿಚಯದ ಮೆಕ್ಯಾನಿಕ್ ಕೈಯಲ್ಲಿ ಪೆಟ್ಟಿಗೆ ಬಿಚ್ಚಿಸಿ, ಎಲ್ಲಿಂದಲೋ ತಂದ ಸೆಲ್ಲುಗಳನ್ನು ತುಂಬಿಸಿದ. ಮೇಲಿನ ಸ್ಟಿಕ್ಕರು ಅದೇ, ಒಳಗಿನ ಹೂರಣ ಬೇರೆ. ಸಾಲದ್ದಕ್ಕೆ ಅಂಗಡಿಯ ಮುಂದೆ ಆಳೆತ್ತರದ ಬೋರ್ಡು ಬಂತು: 'ಎರಡು ಗಂಟೆ, ಪೂರ್ಣ ವೇಗ, ಚಿಂತೆಯಿಲ್ಲ!'

ಕೆಂಡಕ್ಕ ಬೋರ್ಡಿನ ಮುಂದೆ ನಿಂತು ಭಾವನನ್ನು ಕೂಗಿದಳು.

"ಭಾವ, ಇದನ್ನ ಯಾರು ಬರೆಸಿದ್ದು? ಎರಡು ಗಂಟೆ ಬರತ್ತೆ, ಆಮೆ ಥರ ಹೋದ್ರೆ. ಅದೂ ಹಳೇ ಬ್ಯಾಟರೀಲಿ."

"ಜನ ಆಮೆ ನೋಡೋಕೆ ಬರ್ತಾರೆ ಕಣಮ್ಮ, ಆಮೆ ಆಗೋಕಲ್ಲ."

"ಪೂರ್ಣ ವೇಗದಲ್ಲಿ ಹೋದ್ರೆ ಅರ್ಧ ಗಂಟೇನೂ ನಿಲ್ಲಲ್ಲ. ನಿನ್ನೆ ಒಂದು ನನ್ನ ಕೈಯಲ್ಲೇ ಸುಸ್ತಾಯ್ತು."

"ನೀನು ಹೋಗ್ತೀಯಲ್ಲ ಜೊತೆಗೆ, ನೋಡ್ಕೋ" ಎಂದು ಭಾವ ಒಳಗೆ ಹೋದ. ಮಾತು ಮುಗಿಯಿತು. ಬೋರ್ಡು ಅಲ್ಲೇ ಉಳಿಯಿತು. ಅಂದಿನಿಂದ ಅವಳು ಬಂದವರಿಗೆಲ್ಲ, ಬೋರ್ಡನ್ನು ನಂಬಬೇಡಿ, ನನ್ನನ್ನು ನಂಬಿ ಎಂದು ದೋಣಿಯಲ್ಲೇ ಹೇಳತೊಡಗಿದಳು. ಕೆಲವರು ಕೇಳುತ್ತಿದ್ದರು.

ಕೇಳದವನು ಒಬ್ಬ ಬಂದ. ಬೇಕರಿ ಇಟ್ಟವನು, ಅರವತ್ತರ ಹತ್ತಿರದ ದೊಡ್ಡ ದೇಹ, ಅದಕ್ಕಿಂತ ದೊಡ್ಡ ನಗು. ಜೊತೆಗೆ ಮಗಳು, ಶಾಲೆಯಲ್ಲಿ ಆಟ ಕಲಿಸುವ ಟೀಚರು. ಇಬ್ಬರೂ ಹಿಂದೆ ಡೈವಿಂಗ್ ಕಲಿತವರು, ಸ್ಕೂಟರ್ ಮಾತ್ರ ಹೊಸದು. "ಜೀವನವೆಲ್ಲ ಒಲೆ ಮುಂದೆ ಕಳೆದಿದ್ದೀನಿ, ಒಂದ್ ದಿನ ತಣ್ಣಗೆ ಹಾರಾಡ್ತೀನಿ" ಎಂದು ಬೇಕರಿಯವನು ದೋಣಿಯಲ್ಲಿ ಎಲ್ಲರನ್ನೂ ನಗಿಸಿದ. ಕೆಂಡಕ್ಕನಿಗೂ ಅವನ ಮೇಲೆ ಅಕ್ಕರೆ ಬಂತು. ಮೂರು ಪಾಲಿನ ಪಾಠ ಹೇಳಿದಳು. ಹಡಗಿನ ಆಚೆ ಬದಿಗೆ ಯಾವ ಕಾರಣಕ್ಕೂ ಹೋಗಬೇಡಿ ಎಂದೂ ಹೇಳಿದಳು. ಅಲ್ಲಿ ಮೇಲೆ ದೊಡ್ಡ ಹಡಗು, ಫೆರಿಗಳು ಓಡಾಡುವ ಹಾದಿ. ಅಲ್ಲಿ ತಲೆ ಎತ್ತುವುದು ಹೆದ್ದಾರಿಯ ನಡುವೆ ಎದ್ದು ನಿಂತ ಹಾಗೆ.

"ಅಂಗಡಿಯವರು ಎರಡು ಗಂಟೆ ಅಂದ್ರಲ್ಲ?" ಎಂದ ಆತ.

"ಅಂಗಡಿಯವರು ದಡದಲ್ಲಿರ್ತಾರೆ ಯಜಮಾನ್ರೆ. ನಾವು ನೀರಲ್ಲಿರ್ತೀವಿ."

ಆತ ನಕ್ಕು ತಲೆಯಾಡಿಸಿದ. ನೀರಿಗೆ ಇಳಿದ ಸ್ವಲ್ಪ ಹೊತ್ತು ಸರಿಯಾಗಿಯೇ ಬಂದ. ಮುಳುಗಿದ ಹಡಗಿನ ಮೇಲ್ಭಾಗದಲ್ಲಿ ಒಂದು ದೊಡ್ಡ ಮೀನಿನ ಗುಂಪು ಕಾಣಿಸಿತು. ಆತ ಗುಂಡಿಯನ್ನು ಪೂರ್ತಿ ಒತ್ತಿ ಅದರ ಬೆನ್ನು ಹತ್ತಿದ. ಮೀನು ಪ್ರವಾಹದ ದಿಕ್ಕಿಗೇ ಓಡಿತು. ಹಿಂದಿನಿಂದ ಪ್ರವಾಹ, ಮುಂದೆ ಯಂತ್ರ. ಕಣ್ಣು ಮಿಟುಕಿಸುವುದರೊಳಗೆ ಆತ ಹಡಗಿನ ಆಚೆ ಬದಿಗೆ ಇಳಿದು ಮರೆಯಾದ.

ಕೆಂಡಕ್ಕ ತಕ್ಷಣ ಬೆನ್ನಟ್ಟಲಿಲ್ಲ. ಜೊತೆಗಿದ್ದ ಮಗಳನ್ನು ಒಬ್ಬಳೇ ಬಿಡುವಂತಿರಲಿಲ್ಲ. ಅವಳ ತೋಳು ಹಿಡಿದು ದೋಣಿಯ ಹಗ್ಗದ ಬಳಿಗೆ ಕರೆತಂದು, ಮೇಲೆ ಹೋಗು ಎಂದು ಹೆಬ್ಬೆರಳು ತೋರಿಸಿದಳು. ಹುಡುಗಿ ಬೇಡ ಎಂದು ತಲೆಯಾಡಿಸಿದಳು, ಅಪ್ಪ ಹೋದ ಕಡೆಗೆ ಕೈ ಮಾಡಿದಳು. ಕೆಂಡಕ್ಕ ಅವಳ ಮುಖವನ್ನು ಎರಡು ಕೈಯಲ್ಲಿ ಹಿಡಿದು, ಗಾಜಿಗೆ ಗಾಜು ತಾಗಿಸಿ ನೋಡಿದಳು. ಹುಡುಗಿ ಹಗ್ಗ ಹಿಡಿದು ಮೆಲ್ಲಗೆ ಏರತೊಡಗಿದಳು. ದೋಣಿಯ ನೆರಳು ಮುಟ್ಟುವವರೆಗೂ ನೋಡಿ, ಆಮೇಲೆ ಕೆಂಡಕ್ಕ ತಿರುಗಿದಳು.

ಬೇಕರಿಯವನು ಹಾದಿಯ ಕೆಳಗಿನ ಮರಳಿನಲ್ಲಿ ಸಿಕ್ಕಿದ. ಸ್ಕೂಟರ್ ಸತ್ತಿತ್ತು. ಅದರ ಮೇಲೆ ಹಸಿರು ದೀಪ ಮಾತ್ರ ಇನ್ನೂ ಉರಿಯುತ್ತಿತ್ತು! ಆತ ಮಂಡಿಯೂರಿ, ಯಂತ್ರವನ್ನು ಎದೆಗೆ ಅಪ್ಪಿಕೊಂಡು, ಪ್ರವಾಹ ತಳ್ಳಿದತ್ತ ವಾಲುತ್ತಿದ್ದ. ಕಣ್ಣುಗುಡ್ಡೆ ಹೊರಗೆ. ಬಾಯಿಂದ ಗುಳ್ಳೆಗಳು ಕುದಿಯುವ ಪಾತ್ರೆಯಿಂದ ಬಂದ ಹಾಗೆ ಬರುತ್ತಿದ್ದವು, ಅಂದರೆ ಸಿಲಿಂಡರಿನ ಗಾಳಿ ಅಷ್ಟೇ ಬೇಗ ಖಾಲಿಯಾಗುತ್ತಿತ್ತು. ತಲೆಯ ಮೇಲೆ ಫೆರಿಯೊಂದು ದಡದಡ ಎಂದು ಹೋಯಿತು. ನೀರೆಲ್ಲ ನಡುಗಿತು.

ಅವಳು ಯಂತ್ರ ಬಿಡು ಎಂದು ಸನ್ನೆ ಮಾಡಿದಳು. ಆತ ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಏನಾದರೂ ಆಗಲಿ ಸ್ಕೂಟರ್ ಕೈ ಬಿಡಬೇಡಿ ಎಂದು ಅಂಗಡಿಯಲ್ಲಿ ಭಾವ ಎಚ್ಚರಿಸಿದ್ದನಂತೆ. ಪ್ರಾಣ ಹೋಗುವಾಗಲೂ ಪಾಪದ ಮನುಷ್ಯ ಆ ಮಾತು ನೆನಪಿಟ್ಟುಕೊಂಡಿದ್ದ.

ಸತ್ತ ಸ್ಕೂಟರನ್ನು ಅವಳು ಮರಳಿನಲ್ಲೇ ಬಿಟ್ಟಳು. ಆತನ ಕೈಯನ್ನು ತನ್ನ ಸೊಂಟದ ಪಟ್ಟಿಗೆ ಹಿಡಿಸಿದಳು. ಪ್ರವಾಹಕ್ಕೆ ನೇರ ಎದುರು ಹೋದರೆ ಇಬ್ಬರ ಭಾರಕ್ಕೆ ತನ್ನ ಬ್ಯಾಟರಿಯೂ ನಿಲ್ಲುವುದಿಲ್ಲ ಎಂದು ಗೊತ್ತಿತ್ತು. ಅದೂ ಅದೇ ಮೆಕ್ಯಾನಿಕ್ ತುಂಬಿದ್ದಲ್ಲವೇ! ಹಾದಿಯನ್ನು ಅಡ್ಡಲಾಗಿ ದಾಟಿ, ಬಂದರಿಗೆ ಅಲೆ ನುಗ್ಗದಂತೆ ಕಟ್ಟಿದ ತಡೆಗೋಡೆಯ ಬಂಡೆಗಳ ಕಡೆಗೆ ಹೊರಟಳು. ನೆಲದ ಹತ್ತಿರ ನೀರಿನ ಸೆಳೆತ ಕಡಿಮೆ ಎಂದು ಹೊಟ್ಟೆ ಮರಳಿಗೆ ತಾಗುವಷ್ಟು ಕೆಳಗೆ, ಅತಿ ಮೆಲ್ಲನೆಯ ವೇಗದಲ್ಲಿ. ಅವಸರ ಮಾಡಬೇಡ, ಅವಸರ ಮಾಡಬೇಡ ಎಂದು ಯಂತ್ರಕ್ಕೆ ಹೇಳಿದಳೋ ತನಗೇ ಹೇಳಿಕೊಂಡಳೋ. ಬಂಡೆಗಳ ಕಪ್ಪು ಕಾಣತೊಡಗಿದಾಗ ಹಿಡಿಯೊಳಗಿನ ನಡುಕ ಸಣ್ಣದಾಯಿತು. ಫ್ಯಾನು ಒಮ್ಮೆ ತಿರುಗಿ, ಒಮ್ಮೆ ನಿಂತು, ಕೊನೆಗೆ ಪೂರ್ತಿ ನಿಂತಿತು.

ಉಳಿದ ದಾರಿಯನ್ನು ಅವಳು ಒಂದು ಕಾಲಿನಲ್ಲಿ ಒದ್ದಳು. ಸುತ್ತಿಹೋಗದಂತೆ ಕೈಯಿಂದ ಮರಳನ್ನು ಬಗೆಬಗೆದು ಮುಂದೆ ಸಾಗಿದಳು. ಆತನ ಗಾಳಿ ತೀರಿದಾಗ ತನ್ನ ಸಿಲಿಂಡರಿನ ಎರಡನೆಯ ಕೊಳವೆಯನ್ನು ಆತನ ಬಾಯಿಗೆ ಇಟ್ಟಳು. ಬಂಡೆ ಸಿಕ್ಕ ಮೇಲೆ ಅದನ್ನೇ ಹಿಡಿದು ನಿಧಾನವಾಗಿ ಮೇಲೆ ಬಂದರು. ದೋಣಿಯವನು ನೋಡಿ ಓಡಿಬಂದ. ಮಗಳು ಅಪ್ಪನ ಒದ್ದೆ ತಲೆಯನ್ನು ಮಡಿಲಿಗೆ ಹಾಕಿಕೊಂಡು ಬೈದಳು, ಅತ್ತಳು, ಮತ್ತೆ ಬೈದಳು.

ದಕ್ಕೆಯಲ್ಲಿ ಭಾವ ಕಾಯುತ್ತಿದ್ದ. ದೋಣಿಯವನು ಮೊದಲೇ ಫೋನು ಮಾಡಿ ಎಲ್ಲ ಹೇಳಿದ್ದ. ಬೇಕರಿಯವನನ್ನು ಕಂಬಳಿ ಹೊದಿಸಿ ಕೂರಿಸಿದರು. ಕೆಂಡಕ್ಕ ಮೆಟ್ಟಿಲು ಹತ್ತಲಾರದೆ ಕೈಯೂರಿ ತೆವಳುತ್ತಿದ್ದಳು. ಭಾವ ಅವಳ ಕೈ ನೋಡಿದ, ದೋಣಿಯೊಳಗೆ ನೋಡಿದ.

"ಇನ್ನೊಂದು ಸ್ಕೂಟರ್ ಎಲ್ಲಿ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ.

"ಕೆಳಗೇ ಬಿಟ್ಟು ಬಂದ್ಯಾ? ಹಾದೀಲಿ? ಅಯ್ಯೋ ದೇವರೇ, ಒಂದು ಮಾತು ಯೋಚನೆ ಮಾಡಬಾರದಾ?"

ಅಡಿಯಿಂದ ಮುಡಿಯವರೆಗೆ ಉರಿ ಹತ್ತಿತು ಅವಳಿಗೆ. ಬಾಯಿ ತೆರೆದಳು, ಮಾತಿನ ಬದಲು ಉಪ್ಪು ನೀರು, ಕೆಮ್ಮು ಬಂತು. ಕೆಮ್ಮು ನಿಲ್ಲುವ ಹೊತ್ತಿಗೆ ಭಾವ ಬೇಕರಿಯವನ ಮಗಳ ಬಳಿ ಕೈ ಕಟ್ಟಿಕೊಂಡು ನಿಂತಿದ್ದ. ಅವನು ತಗ್ಗಿದ ದನಿಯಲ್ಲಿ ಹೇಳುತ್ತಿದ್ದದ್ದು ಇವಳಿಗೆ ಚೆನ್ನಾಗಿಯೇ ಕೇಳಿಸಿತು.

"ಯಂತ್ರದ್ದೇನೂ ತಪ್ಪಿಲ್ಲಮ್ಮ. ನಮ್ಮ ಗೈಡಿಗೆ ಒಂದು ಕಾಲು ಸರಿಯಿಲ್ಲ. ತಂದೆಯವರ ಜೊತೆಗೆ ಹೋಗೋಕೆ ಆಗ್ಲಿಲ್ಲ. ಹೆಂಡತಿ ತಂಗಿ, ಬಿಡೋಕಾಗಲ್ಲ ಅಂತ ಇಟ್ಕೊಂಡಿದ್ದೀನಿ."

ಹೆಂಡತಿ ತಂಗಿ, ಬಿಡೋಕಾಗಲ್ಲ! ಅನ್ನ ಹಾಕಿ ಸಾಕಿದವನ ಹಾಗೆ! ಎಷ್ಟು ಜನರನ್ನು ಈ ಕುಂಟು ಕಾಲಿನವಳೇ ನೀರಿಗೆ ಇಳಿಸಿ ಮೇಲೆ ತಂದಿದ್ದಳು! ಅಂಗಡಿಗೆ ಹೆಸರು ಬಂದದ್ದು ಯಾರಿಂದ? ಅವಳು ಎದ್ದು ಹೋಗಿ ಅಲ್ಲೇ ಕಪಾಳಕ್ಕೆ ಕೊಡುತ್ತಿದ್ದಳೇನೋ, ಎದ್ದು ನಿಲ್ಲುವುದೇ ಆಗಲಿಲ್ಲ.

ಸಂಜೆ ಮೇಲಿನ ಮನೆಯಲ್ಲಿ ಮಾತು ನಡೆಯಿತು. ಊಟದ ಮೇಜು, ಒಂದು ಕಡೆ ಭಾವ, ಇನ್ನೊಂದು ಕಡೆ ಬಿಸಿನೀರಿನಲ್ಲಿ ಕಾಲಿಟ್ಟು ಕೂತ ಕೆಂಡಕ್ಕ, ನಡುವೆ ಅಕ್ಕ. ಮರುದಿನ ಬಂದರಿನ ಸುರಕ್ಷತೆಯ ಅಧಿಕಾರಿ ಬರುತ್ತಾರೆ ಎಂದು ತಿಳಿದಿತ್ತು.

"ಯಾರೂ ಸತ್ತಿಲ್ಲ, ಅಲ್ವಾ? ಸ್ವಲ್ಪ ಅಡ್ಜಸ್ಟ್ ಮಾಡ್ಕೋ. ಕಾಲು ಸಾಗದೆ ಹಿಂದೆ ಬಿದ್ದೆ ಅಂತ ಹೇಳು. ಎಚ್ಚರಿಕೆ ಕೊಟ್ಟು ಬಿಡ್ತಾರೆ. ಬ್ಯಾಟರಿ ಅಂದ್ರೆ ಅಂಗಡೀನೇ ಮುಚ್ಚಿಸ್ತಾರೆ. ಇದು ಮನೆ ಮರ್ಯಾದೆ ಪ್ರಶ್ನೆ" ಎಂದ ಭಾವ.

"ನನ್ನ ಕಾಲಿನ ಮೇಲೆ ಹಾಕಿ ಉಳಿಸಿಕೊಳ್ಳೋ ಮರ್ಯಾದೆ ಎಂಥದ್ದು ಭಾವ ಅದು?" ಎಂದು ಕೆಂಡಕ್ಕ ಬಿಸಿನೀರಿನ ಬೋಗುಣಿಯನ್ನು ಒದ್ದಳು. ನೀರು ನೆಲದ ಮೇಲೆಲ್ಲ ಹರಡಿತು. "ಒಬ್ಬ ಮನುಷ್ಯ ಅಲ್ಲಿ ನಿಮ್ಮ ಡಬ್ಬಾನ ತಬ್ಬಿಕೊಂಡು ಸಾಯ್ತಿದ್ದ. ಹಸಿರು ದೀಪ ಉರೀತಿತ್ತು! ದೀಪಕ್ಕೂ ಸುಳ್ಳು ಹೇಳೋಕೆ ಕಲಿಸಿದ್ದೀರಲ್ಲ!"

ಅಕ್ಕ ಏನೂ ಹೇಳದೆ ಒರೆಸುವ ಬಟ್ಟೆ ತಂದು ನೆಲ ಒರೆಸಿದಳು. ಅಕ್ಕ ಯಾವತ್ತೂ ಹಾಗೆ. ಇಬ್ಬರ ಜಗಳದಲ್ಲಿ ಬಿದ್ದದ್ದನ್ನು ಒರೆಸುವವಳು. ಅವತ್ತು ಕೆಂಡಕ್ಕನಿಗೆ ಆ ಮೌನ ಭಾವನ ಮಾತಿಗಿಂತ ಹೆಚ್ಚು ಚುಚ್ಚಿತು. ಕುಂಟುತ್ತ ಮೆಟ್ಟಿಲಿಳಿದು ತನ್ನ ಕೋಣೆಗೆ ಹೋದಳು. ಅಕ್ಕ ಕೂಗಲಿಲ್ಲ.

ಮರುದಿನ ಅಧಿಕಾರಿ ಬಂದರು. ಕಪ್ಪು ಕನ್ನಡಕದ, ಗಟ್ಟಿ ದನಿಯ ಹೆಂಗಸು. ಅಂಗಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಒಬ್ಬೊಬ್ಬರನ್ನೇ ಕೇಳಿದರು. ಭಾವ ತನ್ನ ಕತೆ ಹೇಳಿದ. ಕೆಂಡಕ್ಕ ತನ್ನದನ್ನು ಹೇಳಿದಳು, ಮೇಜು ಕುಟ್ಟಿ ಹೇಳಿದಳು. ಅವಳ ಆವೇಶ ನೋಡಿ ಅಧಿಕಾರಿಗೆ ಅನುಮಾನವೇ ಬಂದಂತೆ ಕಂಡಿತು. ಸಮಾಧಾನವಾಗಿ ಸುಳ್ಳು ಹೇಳುವವರನ್ನು ಲೋಕ ನಂಬುತ್ತದೆ, ಕೂಗಿ ನಿಜ ಹೇಳುವವರನ್ನು ಯಾರು ನಂಬುತ್ತಾರೆ?

ಆಗ ಅಕ್ಕ ಒಳಗಿನಿಂದ ಬಂದಳು. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ಬ್ಯಾಟರಿಗಳನ್ನು ಚಾರ್ಜಿಗೆ ಹಾಕುವುದು ಮೊದಲಿನಿಂದಲೂ ಅವಳ ಕೆಲಸ. ಅದನ್ನು ಯಾರೂ ಕೆಲಸ ಎಂದು ಎಣಿಸಿರಲಿಲ್ಲ, ಹಾಗಾಗಿ ಅವಳನ್ನು ಯಾರೂ ಕೇಳಿಯೂ ಇರಲಿಲ್ಲ. ಸೆರಗಿನಲ್ಲಿ ಒಂದು ಬ್ಯಾಟರಿಯನ್ನು ಕಟ್ಟಿಕೊಂಡು ಮಗುವಿನಂತೆ ಎತ್ತಿ ತಂದಳು.

"ಮುಟ್ಟಿ ನೋಡಿ ಮೇಡಂ. ಬೆಳಿಗ್ಗೆಯಿಂದ ಸುಮ್ನೆ ಇಟ್ಟಿದ್ದೀನಿ. ಇನ್ನೂ ಬೆಚ್ಚಗಿದೆ. ಈ ಹೊಸ ಸೆಲ್ ಹಾಕಿದ್ಮೇಲೆ ಎಲ್ಲಾ ಹೀಗೇ. ಹಾಕಿದ ತಕ್ಷಣ ತುಂಬಿತು ಅಂತ ಹಸಿರು ದೀಪ ಬರತ್ತೆ. ಅಷ್ಟು ಬೇಗ ತುಂಬೋ ಹೊಟ್ಟೆ ಎಷ್ಟು ದೊಡ್ಡದಿರತ್ತೆ? ನಾನು ಇವ್ರಿಗೆ ಹೇಳ್ದೆ. ಇನ್ನೂ ಬಿಸಿ ಇದೆ, ಆರೋಕೆ ಬಿಡೋಣ ಅಂದೆ. ಜನ ಕಾಯ್ತಿದ್ದಾರೆ, ಕೊಡು ಅಂದ್ರು."

ಭಾವ ಎದ್ದು ನಿಂತ. "ನಿನಗೇನು ಗೊತ್ತಾಗತ್ತೆ ಇದೆಲ್ಲ? ಒಳಗೆ ಹೋಗು."

"ಹೋಗಲ್ಲ" ಎಂದಳು ಅಕ್ಕ. ಅಲ್ಲಿಂದ ಕದಲಲಿಲ್ಲ. "ನೀರಡಿ ಇದ್ದದ್ದು ನನ್ನ ತಂಗಿ ರೀ. ಇದು ನಿಂತುಹೋಗತ್ತೆ ಅಂತ ಗೊತ್ತಿದ್ದೂ ದಿನಾ ಅವಳ ಕೈಗೆ ಇದನ್ನೇ ಕೊಟ್ಟು ಕಳಿಸಿದ್ದೀವಿ. ಆಮೇಲೆ ಅವಳ ಕಾಲು ಅಂತೀರಲ್ಲ. ನಿಮ್ಮ ನಾಲಿಗೆಗೆ ಮೂಳೆ ಇಲ್ಲ ಅಂತ ಏನು ಬೇಕಾದ್ರೂ ಆಡೋದಾ?"

ಅಧಿಕಾರಿ ಬ್ಯಾಟರಿಯನ್ನು ಮುಟ್ಟಿ ನೋಡಿ, ಅದನ್ನೂ ಉಳಿದವನ್ನೂ ಪರೀಕ್ಷೆಗೆ ತೆಗೆದುಕೊಂಡು ಹೋಗಲು ಹೇಳಿದರು. ಹೋಗುವ ಮೊದಲು ಕೆಂಡಕ್ಕನ ಕಡೆ ತಿರುಗಿದರು.

"ಬ್ಯಾಟರಿ ಸರಿಯಿಲ್ಲ ಅಂತ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಅವರನ್ನ ನೀರಿಗೆ ಇಳಿಸಿದ್ರಿ?"

ಕೆಂಡಕ್ಕ ಉತ್ತರ ಕೊಡಲು ಬಾಯಿ ತೆರೆದಳು. ನಾನಿದ್ದೇನಲ್ಲ, ನೋಡಿಕೊಳ್ಳುತ್ತೇನೆ ಎಂದುಕೊಂಡಿದ್ದೆ ಎನ್ನಬೇಕಾಗಿತ್ತು. ಆದರೆ ಅದು ಭಾವ ಹೇಳಿದ ಮಾತೇ ಆಗಿತ್ತು. ಆ ಪ್ರಶ್ನೆ ಅವಳನ್ನು ಬಹಳ ದಿನ ಕಾಡಿತು. ಸಿಟ್ಟೂ ಬಂತು, ಪ್ರಶ್ನೆ ಸರಿಯಾಗಿದ್ದದ್ದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು.

ಪರೀಕ್ಷೆಯ ಫಲ ಬಂದು ಅಂಗಡಿಗೆ ಬೀಗ ಬಿತ್ತು. ಕೆಂಡಕ್ಕನ ಗೈಡ್ ಪರವಾನಗಿಯನ್ನೂ ಆ ವರ್ಷದ ಮಟ್ಟಿಗೆ ತಡೆಹಿಡಿದರು. ಬೀದಿಯವರು ಎರಡು ಪಂಗಡವಾದರು. ಉಂಡ ಮನೆಯ ಅನ್ನಕ್ಕೇ ಕಲ್ಲು ಹಾಕಿದಳು ಎಂದು ಕೆಲವರು, ಭಲೇ ಎಂದು ಕೆಲವರು. ಬೇಕರಿಯವನು ಮಗಳೊಂದಿಗೆ ಅವಳ ಕೋಣೆ ಹುಡುಕಿಕೊಂಡು ಬಂದು, ಅವಳ ಎರಡೂ ಕೈ ಹಿಡಿದು ಕೂತುಬಿಟ್ಟ. ಅಷ್ಟು ನಗುವ ಮನುಷ್ಯ ಅಂದು ನಗಲೇ ಇಲ್ಲ.

ಪರವಾನಗಿ ಮರಳಿದ ಮೇಲೆ ಬಂದರಿನ ರಕ್ಷಣಾ ತಂಡದವರು ಅವಳನ್ನು ಕರೆದರು. ಈಗ ಅವಳು ಹೊಸ ಡೈವರುಗಳಿಗೆ ಸ್ಕೂಟರ್ ಹಿಡಿಯುವುದನ್ನು, ಸತ್ತ ಸ್ಕೂಟರಿನ ಜೊತೆ ಬದುಕಿ ಬರುವುದನ್ನು ಕಲಿಸುತ್ತಾಳೆ. ಪ್ರತಿ ಬ್ಯಾಟರಿಯನ್ನೂ ನೀರಿನಲ್ಲಿ ಓಡಿಸಿ ಸೋಲಿಸಿ ನೋಡದೆ ಯಾರ ಕೈಗೂ ಕೊಡುವುದಿಲ್ಲ. ದೀಪದ ಬಣ್ಣ ಹೇಳಿದವರಿಗೆ ಬೈಗುಳ ತಪ್ಪಿದ್ದಲ್ಲ.

ಭಾವ ಅಂಗಡಿಯನ್ನು ಮತ್ತೆ ತೆರೆದ, ಕಂಪನಿಯ ಬ್ಯಾಟರಿ ತಂದು, ಬೋರ್ಡು ಇಳಿಸಿ. ಅಕ್ಕ ಈಗ ಮೆಟ್ಟಿಲ ಕೆಳಗಿನ ಕೋಣೆಯಲ್ಲಲ್ಲ, ಅಂಗಡಿಯ ಗಲ್ಲಾ ಪೆಟ್ಟಿಗೆಯ ಮುಂದೆ ಕೂರುತ್ತಾಳೆ. ತನಗೆ ಸರಿ ಕಾಣದ ಯಂತ್ರವನ್ನು ಹೊರಗೆ ಬಿಡುವುದಿಲ್ಲ. ಗಂಡ ಹೆಂಡಿರ ನಡುವೆ ಏನೇನು ನಡೆಯಿತೋ ಯಾರಿಗೂ ಗೊತ್ತಿಲ್ಲ, ಅಕ್ಕ ಹೇಳಲೂ ಇಲ್ಲ.

ಕೆಂಡಕ್ಕ ಅಕ್ಕನನ್ನು ನೋಡಲು ಹೋಗುತ್ತಾಳೆ. ಭಾವ ಎದುರಿಗೆ ಸಿಕ್ಕರೆ ಮುಖ ತಿರುಗಿಸುವುದೂ ಇಲ್ಲ, ನಗುವುದೂ ಇಲ್ಲ. ಎಲ್ಲರೂ ಅವಳಿಗೆ ಬುದ್ಧಿ ಹೇಳಿದ್ದಾರೆ: ಆದದ್ದು ಆಯಿತು, ಮನೆಯವನಲ್ಲವೇ, ಬಿಟ್ಟುಬಿಡು. ಮೊನ್ನೆ ಭಾವನೇ ಚಹಾದ ಲೋಟ ಅವಳ ಮುಂದಿಟ್ಟು, "ಏನಮ್ಮ, ಇನ್ನೂ ಕೋಪಾನಾ?" ಎಂದ, ಹಳೆಯ ಸಲುಗೆಯಲ್ಲಿ.

"ಹೌದು ಭಾವ, ಇದೆ" ಎಂದಳು ಕೆಂಡಕ್ಕ. "ಅವತ್ತು ನಾನು ಮೆಟ್ಟಿಲ ಮೇಲೆ ತೆವಳ್ತಿದ್ದೆ. ನಿಂಗೇನಾಯ್ತಮ್ಮ ಅಂತ ಒಂದು ಮಾತು ಕೇಳ್ಲಿಲ್ಲ ನೀವು. ಇವತ್ತಿನವರೆಗೂ ಕೇಳಿಲ್ಲ."

ಭಾವ ತಲೆ ತಗ್ಗಿಸಿ ನಿಂತ. ಅಡುಗೆಮನೆಯಲ್ಲಿ ಅಕ್ಕನ ಪಾತ್ರೆಯ ಸದ್ದೂ ನಿಂತಿತು. ಆತ ಈಗಲಾದರೂ ಕೇಳುತ್ತಾನೆಯೇ ಎಂದು ಕೆಂಡಕ್ಕ ಸ್ವಲ್ಪ ಹೊತ್ತು ಕಾದಳು. ಕೇಳಲಿಲ್ಲ. ಅವಳು ಚಹಾ ಕುಡಿದು, ಲೋಟ ತೊಳೆದಿಟ್ಟು, ಅಕ್ಕನಿಗೆ ಬರುತ್ತೇನೆ ಎಂದು ಹೇಳಿ ಹೊರಟಳು. ಮಧ್ಯಾಹ್ನದ ತರಬೇತಿಗೆ ಹೊತ್ತಾಗಿತ್ತು.